ನಡೆದು ಬೇಡಿದ ನೆಲ



1964ನೆಯ ಇಸವಿಯ ಏಪ್ರಿಲ್ 10ರಂದು, ವಾರ್ಧಾ ನಗರಕ್ಕೆ ಸಮೀಪದಲ್ಲಿ, ಧಾಮ್ ನದಿಯ ದಡದ ಮೇಲಿರುವ ಪವನಾರದ ಆಶ್ರಮಕ್ಕೆ, ಅರುವತ್ತೆಂಟು ವರ್ಷ ವಯಸ್ಸಿನ, ಕೃಶಕಾಯದ, ಹೊಟ್ಟೆಯ ಹುಣ್ಣಿನ ಬಾಧೆಯನ್ನು ಎಷ್ಟೋ ಕಾಲದಿಂದ ಸಹಿಸಿಕೊಂಡು ಬಂದಿದ್ದ ಹಿರಿಯರೊಬ್ಬರು ನಡೆದುಕೊಂಡು ಹಿಂದಿರುಗಿದರು. ಅವರು ಆ ಆಶ್ರಮವನ್ನು ಬಿಟ್ಟು ದಿಲ್ಲಿಯ ದಾರಿ ಹಿಡಿದುದು 1951ರ ಸೆಪ್ಟೆಂಬರ್ 12ರಂದು. ಅದಕ್ಕೆ ಆರು ತಿಂಗಳು ಮುಂಚೆ ತೆಲಂಗಾಣದ ಕಡೆಗೆ ಹೋಗಿಬಂದ ನಡಿಗೆಯನ್ನೂ ಸೇರಿಸಿಕೊಂಡರೆ, ಹದಿಮೂರು ವರ್ಷಗಳ ಕಾಲ ಅವರ ಕಾಲುಗಳು ಭಾರತದ ಉದ್ದಗಲಗಳನ್ನು ಅಳೆದಿದ್ದುವು. ಆಚಾರ್ಯ ವಿನೋಬಾ ಭಾವೆಯವರ ಭೂದಾನಯಾತ್ರೆಯೆಂದು ಲೋಕಪ್ರಸಿದ್ಧವಾದ ಆ ಮಹಾಪ್ರಯಾಣದ ವೃತ್ತಾಂತವನ್ನು ಹಿರಿಯರಾದ ಶ್ರೋತೃಗಳು ಬಲ್ಲರು. ಕಿರಿಯರಲ್ಲಿ ಅನೇಕರು ಅದನ್ನು ಪಾಠಪುಸ್ತಕದ ಒಂದು ವಾಕ್ಯವಾಗಿ ಮಾತ್ರ ಬಲ್ಲರು. ದಾನಕ್ಕಾಗಿ ಕೈಕೊಂಡ ನಡಿಗೆಯು ಯಾವಾಗ ಪೂರ್ಣವಾಯಿತೆಂದು ಹೇಳಬಹುದು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿರಿಸಿಕೊಂಡು ಆ ಯಾತ್ರೆಯನ್ನು ಇಂದು ಮತ್ತೊಮ್ಮೆ ನೋಡಬೇಕೆಂದು ನನ್ನ ಅಪೇಕ್ಷೆ.

ಪರೋಪಕಾರಾರ್ಥವಾಗಿ ದೂರ ನಡೆಯುವ ಪದ್ಧತಿ ಈಚಿನ ದಶಕಗಳಲ್ಲಿ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿದೆ. ಹಾಂಗ್‌ಕಾಂಗಿನಲ್ಲಿ ಗೂರ್ಖಾ ಸೈನಿಕರು 1981ರಲ್ಲಿ ಅಲ್ಲಿನ ಬೆಟ್ಟಗಳ ಮೇಲಣ ನೂರು ಕಿಲೋಮೀಟರಿನ ದಾರಿಯನ್ನು ನಡೆದು ಧನಸಂಗ್ರಹ ಮಾಡಲಾರಂಭಿಸಿದ ಕ್ರಮವು ಮುಂದೆ ಹಲವು ರಾಷ್ಟ್ರಗಳಿಗೆ ಹಬ್ಬಿ ನಮ್ಮ ಬೆಂಗಳೂರಿಗೂ ಬಂದಿತು. ಇಷ್ಟು ದೂರವನ್ನು ಇಷ್ಟು ಹೊತ್ತಿನೊಳಗೆ ನಡೆಯುತ್ತೇವೆ, ನಮ್ಮ ಶ್ರಮವನ್ನು ನೋಡಿ ನೀವು ಇಂಥ ಸತ್ಕಾರ್ಯಕ್ಕೆ ಹಣ ಕೊಡಿರಿ ಎಂದು ಬಂಧುಮಿತ್ರರನ್ನು ಕೇಳಿಕೊಳ್ಳುವ ಆ ರೀತಿ ಸರಳವಾದುದು, ಶ್ಲಾಘ್ಯವಾದುದು. ಅದರಿಂದ ಎಷ್ಟೋ ರೋಗಿಗಳಿಗೆ, ಬಡವರಿಗೆ ಉಪಕಾರವಾಗಿದೆ. ಅಲ್ಲಿ ದೂರವು ಮೊದಲೇ ಗೊತ್ತಾಗಿರುತ್ತದೆ. ಕಡೆಯ ಗೆರೆಯನ್ನು ದಾಟಿದೊಡನೆ ನಡೆದವನ ಕರ್ತವ್ಯವು ಮುಗಿಯುತ್ತದೆ. ವಿನೋಬಾರ ನಡಿಗೆಗೆ ಅಂಥ ಗೆರೆಯೇ ಇರಲಿಲ್ಲ. ಅದು ಆರಂಭವಾದಾಗ ದಾನದ ಮಾತು ಕೂಡ ಇರಲಿಲ್ಲ.

ಹೈದರಾಬಾದಿನ ಬಳಿಯ ಶಿವರಾಮಪಲ್ಲಿಯಲ್ಲಿ ಗಾಂಧೀಜಿಯ ಅನುಯಾಯಿಗಳ ಸರ್ವೋದಯ ಸಮ್ಮೇಳನವು ಸೇರಲಿದ್ದಿತು. ಅದಕ್ಕೆ ಬರಬೇಕೆಂದು ಮಿತ್ರರು ಒತ್ತಾಯಪಡಿಸಿದುದರಿಂದ ವಿನೋಬಾ 1951ರ ಮಾರ್ಚ್ 8ರಂದು ಕಾಲ್ನಡಿಗೆಯಲ್ಲಿಯೇ ಹೊರಟು ಸುಮಾರು ಮುನ್ನೂರು ಮೈಲಿ ದೂರವನ್ನು ಒಂದು ತಿಂಗಳಿನಲ್ಲಿ ಕ್ರಮಿಸಿದರು. ಆಗ ತೆಲಂಗಾಣವು ಉರಿಯುತ್ತಿದ್ದಿತು. ಹಗಲು ಪೋಲೀಸರ ಭಯ, ಇರುಳು ಸಶಸ್ತ್ರರಾದ ಕ್ರಾಂತಿಕಾರಿಗಳ ಭಯ. ಇವೆರಡರ ನಡುವೆ ಸಿಕ್ಕಿದ ರೈತನಿಗೆ ನೆಲವೂ ಇರಲಿಲ್ಲ, ನೆಮ್ಮದಿಯೂ ಇರಲಿಲ್ಲ. ಸಮ್ಮೇಳನವು ಮುಗಿದ ಬಳಿಕ ವಿನೋಬಾ ನೆಟ್ಟಗೆ ಹಿಂದಿರುಗಬಹುದಾಗಿದ್ದಿತು. ಅವರು ಹಾಗೆ ಮಾಡದೆ, ಹೈದರಾಬಾದಿನ ಸೆರೆಮನೆಯಲ್ಲಿದ್ದ ಕಮ್ಯುನಿಸ್ಟರನ್ನು ಕಂಡು ಅವರೊಡನೆ ಮಾತನಾಡಿ, ಶ್ರೀರಾಮನವಮಿಯ ದಿನ ಆ ಕ್ಷುಬ್ಧವಾದ ಸೀಮೆಯೊಳಕ್ಕೆ ಪ್ರವೇಶಿಸಿದರು. ಮೂರು ದಿನಗಳ ತರುವಾಯ, ಏಪ್ರಿಲ್ 18ರಂದು, ಅಂದಿನ ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿ ಎಂಬ ನೇಕಾರರ ಊರಿನಲ್ಲಿ, ಅಲ್ಲಿಯ ಹರಿಜನ ಕುಟುಂಬಗಳು ತಮಗೆ ಎಂಬತ್ತು ಎಕರೆ ಭೂಮಿ ದೊರೆತರೆ ಸಾಕು, ದುಡಿದು ಬದುಕಿಕೊಳ್ಳುತ್ತೇವೆಂದು ಅರಿಕೆ ಮಾಡಿಕೊಂಡುವು. ಸರಕಾರಕ್ಕೆ ಬರೆಯುತ್ತೇನೆಂದು ಹೇಳಿ ಮುಂದೆ ಹೋಗುವುದು ಸುಲಭವಾಗಿದ್ದಿತು. ವಿನೋಬಾ ಸೇರಿದ್ದ ಊರವರ ಕಡೆಗೇ ತಿರುಗಿ, ಸರಕಾರದಿಂದ ಬರುವುದು ತಡವಾದರೆ ನೀವೇ ಏನನ್ನಾದರೂ ಮಾಡಬಲ್ಲಿರಾ ಎಂದು ಕೇಳಿದರು. ಆಗ ಊರಿನ ಭೂಮಾಲೀಕರಾದ ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದುನಿಂತು, ತಮ್ಮ ಭೂಮಿಯಲ್ಲಿ ನೂರು ಎಕರೆಯನ್ನು ಕೊಡುತ್ತೇನೆಂದರು. ಕೇಳಿದುದಕ್ಕಿಂತ ಇಪ್ಪತ್ತು ಎಕರೆ ಹೆಚ್ಚು! ಆ ರಾತ್ರಿ ವಿನೋಬಾರಿಗೆ ಸರಿಯಾಗಿ ನಿದ್ರೆ ಬರಲಿಲ್ಲವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಗಣಿತದಲ್ಲಿ ಅವರಿಗೆ ಬಾಲ್ಯದಿಂದಲೂ ಪ್ರೀತಿ. ಭಾರತದ ಭೂಹೀನರಿಗೆಲ್ಲ ನೆಲ ಬೇಕಾದರೆ ಎಷ್ಟು ಬೇಕಾಗುವುದೆಂದು ಲೆಕ್ಕಹಾಕಿ ಐದು ಕೋಟಿ ಎಕರೆಯೆಂದು ಕಂಡುಕೊಂಡರು. ಸಾಗುವಳಿಯ ಭೂಮಿಯಲ್ಲಿ ಅದು ಸುಮಾರು ಆರರಲ್ಲೊಂದು ಪಾಲು. ನಿಮಗೆ ಐವರು ಮಕ್ಕಳಿದ್ದರೆ ನನ್ನನ್ನು ಆರನೆಯವನೆಂದು ತಿಳಿದು ಬಡವರ ಪರವಾಗಿ ನನ್ನ ಪಾಲನ್ನು ಕೊಡಿರಿ ಎಂಬ ಅವರ ಬೇಡಿಕೆ ಹುಟ್ಟಿದುದು ಈ ಲೆಕ್ಕದಿಂದ. ತೆಲಂಗಾಣದಲ್ಲಿ ಐವತ್ತೊಂದು ದಿನಗಳಲ್ಲಿ ದೊರೆತುದು ಹನ್ನೆರಡು ಸಾವಿರ ಎಕರೆಗಳಿಗೂ ಮಿಕ್ಕಿ.

ಮುಂದಿನ ಪ್ರಸಂಗವೊಂದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಪ್ರಥಮ ಪಂಚವಾರ್ಷಿಕ ಯೋಜನೆಯ ವಿಚಾರವಾಗಿ ಸಮಾಲೋಚಿಸುವುದಕ್ಕೆಂದು ಪ್ರಧಾನಮಂತ್ರಿ ಜವಾಹರಲಾಲ ನೆಹರು ಅವರು ವಿನೋಬಾರನ್ನು ದಿಲ್ಲಿಗೆ ಆಹ್ವಾನಿಸಿದರು. ವಿಮಾನದಲ್ಲಿ ಬಂದರೆ ಕೆಲವು ಗಂಟೆಗಳ ಮಾತು. ಬರುತ್ತೇನೆ, ಆದರೆ ನಡೆದು ಬರುತ್ತೇನೆಂದು ಉತ್ತರ ಕೊಟ್ಟು ವಿನೋಬಾ ಎರಡು ತಿಂಗಳ ಕಾಲ ನಡೆದು ನವೆಂಬರ್ ತಿಂಗಳಿನಲ್ಲಿ ರಾಜಘಾಟನ್ನು ಸೇರಿದರು. ಇದನ್ನು ಹಟವೆಂದು ಎಣಿಸಿದವರು ಅಂದೂ ಇದ್ದರು. ಆದರೆ ನಾನು ಬಲ್ಲಮಟ್ಟಿಗೆ ಭೂದಾನದ ಸಮಸ್ತ ರಹಸ್ಯವೂ ಆ ಉತ್ತರದಲ್ಲಿದೆ. ನೆಲವನ್ನು ಬೇಡುವುದು ಹಣವನ್ನು ಬೇಡಿದಂತಲ್ಲ. ಹಣವು ಕೈಯಿಂದ ಕೈಗೆ ಹೋಗುವ ವಸ್ತು; ನೆಲವು ತಂದೆಯಿಂದ ಮಗನಿಗೆ ಬಂದುದು, ಅದರ ಬದುವಿನ ಮೇಲೆ ಅಣ್ಣತಮ್ಮಂದಿರು ತಲೆಯೊಡೆದುಕೊಂಡಿರುತ್ತಾರೆ. ಅಂಥ ವಸ್ತುವನ್ನು ಧೂಳೆಬ್ಬಿಸಿಕೊಂಡು ಮೋಟಾರಿನಲ್ಲಿ ಬಂದು, ಅರ್ಧ ಗಂಟೆ ಭಾಷಣ ಮಾಡಿ, ಮುಂದಿನ ಊರಿಗೆ ಹೊತ್ತಾಯಿತೆಂದು ಗಡಿಯಾರ ನೋಡಿಕೊಳ್ಳುವವನಿಗೆ ಯಾರು ಕೊಟ್ಟಾರು? ವಿನೋಬಾ ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಪ್ರಾರ್ಥನೆ ಮುಗಿಸಿ, ಲಾಂದ್ರದ ಬೆಳಕಿನಲ್ಲಿ ಹೊರಟು, ಹತ್ತು ಹನ್ನೆರಡು ಮೈಲಿ ನಡೆದು, ಬಿಸಿಲೇರುವ ಹೊತ್ತಿಗೆ ಹಳ್ಳಿಯೊಂದನ್ನು ಸೇರುತ್ತಿದ್ದರು. ಆ ಹಗಲೆಲ್ಲ ಅವರು ಅಲ್ಲಿಯೇ. ಆ ರಾತ್ರಿಯೂ ಅಲ್ಲಿಯೇ. ಆಹಾರವೆಂದರೆ ದಿನದಲ್ಲಿ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಮೊಸರು, ಹಾಲು, ಜೇನುತುಪ್ಪ. ಸಂಜೆಯ ಪ್ರಾರ್ಥನೆಯಲ್ಲಿ ಗೀತೆಯ ಸ್ಥಿತಪ್ರಜ್ಞನ ಲಕ್ಷಣಗಳ ಪಠನ, ಆಮೇಲೆ ಪ್ರವಚನ, ಕಡೆಯಲ್ಲಿ ಭಿಕ್ಷೆ. ಭಿಕ್ಷೆ ಬೇಡುವವನು ತಮ್ಮ ಊರಿನ ಕೆರೆಯ ಏರಿಯ ಮೇಲೆ, ತಮ್ಮ ಕೇರಿಯ ಕೆಸರಿನಲ್ಲಿ ನಡೆದು ಬಂದವನೆಂಬುದನ್ನು ಊರವರು ಕಣ್ಣಾರೆ ಕಂಡಿರುತ್ತಿದ್ದರು.

ನಡೆದಾಡುವ ಸಂತರು ನಮ್ಮ ದೇಶಕ್ಕೆ ಹೊಸಬರೇನಲ್ಲ. ಪಂಢರಪುರದ ವಾರಕರಿಗಳ ನಾಡಿನಲ್ಲಿ ಹುಟ್ಟಿದವರು ವಿನೋಬಾ. ನಮ್ಮಲ್ಲಿ ವಿಹಾರ ಮಾಡುವ ಜೈನಮುನಿಗಳನ್ನು ಇಂದಿಗೂ ಕಾಣುತ್ತೇವೆ. ಆದರೆ ಯತಿಗಳಿಗೆ ಚಾತುರ್ಮಾಸ್ಯದ ವಿಶ್ರಾಂತಿಯುಂಟು. ವಿನೋಬಾ ಅದನ್ನು ಕೂಡ ಒಲ್ಲದೆ ಮಳೆಗಾಲದಲ್ಲಿಯೂ ನಡೆದರು. ಒಂದು ದಿನ ನಿಂತರೆ ಒಂದು ಹಳ್ಳಿ ತಪ್ಪಿಹೋಗುತ್ತದೆ ಎಂಬ ತ್ವರೆಯು ಆ ಮಂದಗತಿಯ ಪ್ರಯಾಣದ ಅಂತರಾಳದಲ್ಲಿ ಯಾವಾಗಲೂ ಇದ್ದಿತು.

ಮಾರ್ಗವನ್ನು ಸಂಕ್ಷೇಪವಾಗಿ ಹೇಳಿ ಮುಂದುವರಿಯುತ್ತೇನೆ. ದಿಲ್ಲಿಯಿಂದ ಉತ್ತರ ಪ್ರದೇಶ. ಅಲ್ಲಿ 1952ರ ಮೇ ತಿಂಗಳಿನಲ್ಲಿ ಮಂಗರೌಠವೆಂಬ ಗ್ರಾಮದವರು ತಮ್ಮ ಊರಿನ ಭೂಮಿಯೆಲ್ಲವನ್ನೂ ಕೊಟ್ಟು ಮೊತ್ತಮೊದಲಿನ ಗ್ರಾಮದಾನಿಗಳಾದರು. ಅನಂತರ ಬಿಹಾರದಲ್ಲಿ ಎರಡು ವರ್ಷಗಳಿಗೂ ಮಿಕ್ಕ ಯಾತ್ರೆ. ಚಾಂಡೀಲಿನಲ್ಲಿ ಪ್ರಾಣಾಂತಿಕವಾದ ಮಲೇರಿಯಾ. ವೈದ್ಯನಾಥಧಾಮದಲ್ಲಿ ಹರಿಜನರೊಡನೆ ದೇವಾಲಯಕ್ಕೆ ಹೋದುದಕ್ಕಾಗಿ ಅಲ್ಲಿಯ ಪಂಡಾ ಅರ್ಚಕರಿಂದ ಪೆಟ್ಟು. ಬೋಧಗಯೆಯಲ್ಲಿ ಸಮಾಜವಾದಿ ನಾಯಕ ಜಯಪ್ರಕಾಶ ನಾರಾಯಣರು ಈ ಕಾರ್ಯಕ್ಕೆ ತಮ್ಮ ಬಾಳನ್ನೇ ಮುಡಿಪಿಟ್ಟ ಜೀವನದಾನ. ಇಪ್ಪತ್ತು ಲಕ್ಷ ಎಕರೆಗಳಿಗೂ ಹೆಚ್ಚಿನ ಭೂಮಿಯ ವಾಗ್ದಾನ. ಒರಿಸ್ಸಾದ ಕೋರಾಪುಟ್ ಜಿಲ್ಲೆಯಲ್ಲಿ ನೂರಾರು ಆದಿವಾಸಿ ಗ್ರಾಮಗಳು ಗ್ರಾಮದಾನವಾದುವು. ಆಂಧ್ರ, ತಮಿಳುನಾಡು, ಕೇರಳಗಳನ್ನು ದಾಟಿ 1957ರಲ್ಲಿ ಅವರು ನಮ್ಮ ನಾಡಿಗೆ ಬಂದರು.

ಕನ್ನಡಿಗರಿಗೂ ವಿನೋಬಾರಿಗೂ ಇದ್ದ ಸಂಬಂಧ ಅದಕ್ಕೂ ಹಿಂದಿನದು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯ ಕಾಲದಲ್ಲಿ ವೇಲೂರಿನ ಸೆರೆಮನೆಯಲ್ಲಿ ಇಟ್ಟಿದ್ದಾಗ ಅವರು ದಕ್ಷಿಣದ ನಾಲ್ಕು ಭಾಷೆಗಳನ್ನೂ ಅಭ್ಯಾಸ ಮಾಡಿದ್ದರು. ಕನ್ನಡವನ್ನು ಓದಬಲ್ಲವರಾಗಿಯೇ ಕನ್ನಡದ ಹಳ್ಳಿಗಳೊಳಗೆ ಬಂದರು. ಏಕೀಕರಣವಾಗಿ ಒಂದು ವರ್ಷವೂ ತುಂಬಿರದ ಆ ರಾಜ್ಯದಲ್ಲಿ, ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವ ರಸ್ತೆಯ ಮೇಲಿರುವ ಇಲವಾಲದಲ್ಲಿ, ಸೆಪ್ಟೆಂಬರ್ 21 ಮತ್ತು 22ರಂದು ಒಂದು ಸಮ್ಮೇಳನವು ಸೇರಿತು. ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಬಂದರು, ಪ್ರಧಾನಮಂತ್ರಿ ನೆಹರು ಬಂದರು, ಗೃಹಮಂತ್ರಿ ಗೋವಿಂದ ವಲ್ಲಭ ಪಂತರು ಬಂದರು, ಕೇರಳದಲ್ಲಿ ಅದೇ ವರ್ಷ ಅಧಿಕಾರಕ್ಕೆ ಬಂದಿದ್ದ ಕಮ್ಯುನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರು ಬಂದರು, ಜಯಪ್ರಕಾಶರು ಬಂದರು. ಬೇರೆ ಯಾವ ವಿಷಯದಲ್ಲಿಯೂ ಒಂದೆಡೆ ಕೂಡಿರದ ಪಕ್ಷಗಳ ಮುಖಂಡರು, ಗ್ರಾಮದಾನಕ್ಕೆ ಜನತೆಯು ಬೆಂಬಲ ಕೊಡಬೇಕೆಂಬ ಒಂದೇ ಹೇಳಿಕೆಗೆ ಸಮ್ಮತಿಸಿದರು. ಆರು ವರ್ಷಗಳ ಹಿಂದೆ ದಿಲ್ಲಿಗೆ ನಡೆದು ಹೋಗಿದ್ದ ಭಿಕ್ಷುಕನ ಬಳಿಗೆ ದಿಲ್ಲಿಯೇ ನಮ್ಮ ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದಿತೆಂಬುದನ್ನು ನೆನೆದರೆ ನನಗೆ ಇಂದಿಗೂ ಅಭಿಮಾನವೆನಿಸುತ್ತದೆ. ‘ಜೈ ಜಗತ್’ ಎಂಬ ವಿಶ್ವಕಲ್ಯಾಣದ ಘೋಷವನ್ನು ವಿನೋಬಾ ಎತ್ತಿದುದು ಕೂಡ ಈ ಕರ್ನಾಟಕದ ಯಾತ್ರೆಯಲ್ಲಿಯೇ.

ಇಲ್ಲಿಯವರೆಗೆ ಹೇಳಿದುದು ನಡಿಗೆಯ ಪ್ರಭಾವ. ಇನ್ನು ದಾನದ ಗತಿಯೇನಾಯಿತೆಂಬುದನ್ನು ನೋಡಬೇಕು.

ನಮ್ಮ ನಾಡಿನಲ್ಲಿ ಭೂದಾನವೆಂಬುದು ಸಹಸ್ರ ವರ್ಷಗಳಿಗೂ ಹಳೆಯ ಸಂಪ್ರದಾಯ. ಯಾವುದಾದರೊಂದು ಹಳೆಯ ದೇಗುಲದ ಅಂಗಳದಲ್ಲಿ ನಿಂತಿರುವ ದಾನಶಾಸನವನ್ನು ಓದಿ ನೋಡಿರಿ. ರಾಜನ ಬಿರುದುಗಳಾದ ಮೇಲೆ, ಸಂಕ್ರಮಣವೋ ಗ್ರಹಣವೋ ಆದ ಪುಣ್ಯದಿನವನ್ನು ಹೇಳಿ, ಧಾರಾಪೂರ್ವಕವಾಗಿ ಕೊಟ್ಟ ಭೂಮಿಯ ವಿವರವು ಬರುತ್ತದೆ. ಇಷ್ಟು ಮತ್ತರು ಗದ್ದೆ, ಇಷ್ಟು ಬೆದ್ದಲು, ಒಂದು ತೋಟ, ಒಂದು ಗಾಣ. ಮೂಡಲು ಹಳ್ಳ, ತೆಂಕಲು ನಟ್ಟ ಕಲ್ಲು, ಪಡುವಲು ಹುತ್ತ, ಬಡಗಲು ಆಲದ ಮರ ಎಂದು ನಾಲ್ಕು ದಿಕ್ಕಿನ ಎಲ್ಲೆಗಳು. ಕಡೆಯಲ್ಲಿ ಈ ಧರ್ಮವನ್ನು ಕೆಡಿಸಿದವನಿಗೆ ಶಾಪಾಶಯ. ಆ ದಾನಗಳಲ್ಲಿ ಬಹುಪಾಲು ದೇವರಿಗೆ, ಬ್ರಾಹ್ಮಣರಿಗೆ, ಬಸದಿಗೆ, ಮಠಕ್ಕೆ ಸಂದುವೇ ಹೊರತು ಆ ನೆಲವನ್ನು ಉಳುತ್ತಿದ್ದವನಿಗೆ ಸಂದುದು ವಿರಳ. ಅದು ಅಂದಿನ ಧರ್ಮಬುದ್ಧಿಯ ಮಿತಿ. ಉಳುವವನನ್ನೇ ದಾನಕ್ಕೆ ಪಾತ್ರನನ್ನಾಗಿ ಮಾಡಿದುದು ವಿನೋಬಾರ ಅಸದೃಶವಾದ ಸಾಧನೆ. ಆದರೆ ದಾನವನ್ನು ಪೂರ್ಣಗೊಳಿಸುವ ವಿದ್ಯೆಯಲ್ಲಿ ಆ ಹಳಬರು ಕುಶಲರಾಗಿದ್ದರು. ಎಲ್ಲೆಗಳನ್ನು ಗೊತ್ತುಮಾಡಿ, ಸಾಕ್ಷಿಗಳ ಮುಂದೆ ನೀರೆರೆದು, ಕಲ್ಲಿನಲ್ಲಿ ಕೆತ್ತಿಸಿದ ಹೊರತು ಅವರಿಗೆ ದಾನವು ಆಯಿತೆಂಬ ಸಮಾಧಾನವಾಗುತ್ತಿರಲಿಲ್ಲ.

ವಿನೋಬಾರ ಕೈಗೆ ಬಂದುದು ದಾನಪತ್ರ. ಸಂಜೆಯ ಸಭೆಯಲ್ಲಿ ಹೃದಯ ಕರಗಿದವನು ಹತ್ತು ಎಕರೆಯೆಂದು ಬರೆದುಕೊಟ್ಟ ಕಾಗದ. ಆ ಹತ್ತು ಎಕರೆ ಯಾವ ಸರ್ವೆ ನಂಬರಿನದು, ಕಲ್ಲುಗುಡ್ಡವೋ ಗದ್ದೆಯೋ, ಅದರ ಮೇಲೆ ದಾಯಾದಿಗಳ ವ್ಯಾಜ್ಯವಿದೆಯೋ ಇಲ್ಲವೋ ಎಂಬುದನ್ನು ವಿಚಾರಿಸುವ ಹೊತ್ತಿಗೆ ಯಾತ್ರೆಯು ಹತ್ತು ಹಳ್ಳಿಗಳಾಚೆ ಹೋಗಿರುತ್ತಿದ್ದಿತು. ಹಂಚಿಕೆಗೆ ಒಳ್ಳೆಯ ನಿಯಮಗಳೇನೋ ಇದ್ದುವು. ಊರಲ್ಲಿ ಮುಂಚಿತವಾಗಿ ಸಾರಿಸಿ, ಗ್ರಾಮಸ್ಥರೆಲ್ಲರನ್ನೂ ಕೂಡಿಸಿ, ಯಾರಿಗೆ ಕೊಡತಕ್ಕುದೆಂಬುದನ್ನು ಭೂಹೀನರೇ ನಿಶ್ಚಯಿಸಬೇಕು; ಭೂಮಿಯಲ್ಲಿ ಮೂರನೆಯ ಒಂದು ಪಾಲು ಹರಿಜನರಿಗೆ ಸಲ್ಲಬೇಕು; ಪಡೆದವನು ಅದನ್ನು ಮಾರಕೂಡದು. ನೆಲ ಸಿಕ್ಕಿದರೆ ಸಾಲದು, ಎತ್ತು ಬೇಕು, ಬೀಜ ಬೇಕು, ಬಾವಿ ಬೇಕು ಎಂಬುದನ್ನು ಅರಿತೇ ಸಾಧನದಾನ, ಕೂಪದಾನ, ಸಂಪತ್ತಿದಾನಗಳನ್ನು ವಿನೋಬಾ ಕೇಳಲಾರಂಭಿಸಿದರು. ಉತ್ತರ ಪ್ರದೇಶ, ಬಿಹಾರ ಮೊದಲಾದ ರಾಜ್ಯಗಳು ಭೂದಾನಕ್ಕಾಗಿ ಪ್ರತ್ಯೇಕ ಶಾಸನಗಳನ್ನೂ ಮಾಡಿದುವು. ಇಷ್ಟೆಲ್ಲ ಇದ್ದರೂ, ದಾನವಾಗಿ ಬಂದ ನಲವತ್ತು ಲಕ್ಷಕ್ಕೂ ಮಿಕ್ಕ ಎಕರೆಗಳಲ್ಲಿ ಅರ್ಧದಷ್ಟು ಕೂಡ ಬಹುಕಾಲದವರೆಗೆ ಹಂಚಿಕೆಯಾಗಲಿಲ್ಲ. ಐದು ಕೋಟಿಯ ಗುರಿಯ ಮಾತಂತಿರಲಿ, ಕೊಟ್ಟುದೇ ಮುಟ್ಟಬೇಕಾದವರಿಗೆ ಮುಟ್ಟಲಿಲ್ಲ.

ಇದಕ್ಕೆ ದಾನಿಗಳ ಕಪಟವೇ ಕಾರಣವೆಂದು ಹೇಳುವವರುಂಟು. ಕಪಟಿಗಳು ಇದ್ದಿರಬಹುದು, ಆದರೆ ಆ ಮಾತು ಸಾವಿರಾರು ಸಣ್ಣ ರೈತರಿಗೆ ಅನ್ಯಾಯ ಮಾಡುತ್ತದೆ. ತಮಗಿದ್ದ ಎರಡು ಮೂರು ಎಕರೆಯಲ್ಲಿಯೇ ಕೆಲವು ಗುಂಟೆಯನ್ನು ಕೊಟ್ಟವರು ಕಪಟಿಗಳಾಗಿರಲಾರರು. ನನ್ನ ಅಭಿಪ್ರಾಯದಲ್ಲಿ ಮುಖ್ಯವಾದ ಕಾರಣವು ಬೇರೊಂದು ಕಡೆ ಇದೆ. 1956ರ ಕೊನೆಯಲ್ಲಿ, ತಮಿಳುನಾಡಿನ ಪಳನಿಯಲ್ಲಿ, ವಿನೋಬಾ ಒಂದು ಮಹತ್ತರವಾದ ನಿರ್ಣಯವನ್ನು ಕೈಕೊಂಡರು. ಊರೂರಿನಲ್ಲಿದ್ದ ಭೂದಾನಸಮಿತಿಗಳನ್ನು ವಿಸರ್ಜಿಸುವುದು. ಕಾರ್ಯಕರ್ತರು ಗಾಂಧಿ ಸ್ಮಾರಕ ನಿಧಿಯ ಹಣವನ್ನು ಅವಲಂಬಿಸುವುದನ್ನು ಬಿಡುವುದು. ತಂತ್ರಮುಕ್ತಿ, ನಿಧಿಮುಕ್ತಿ ಎಂದು ಇವನ್ನು ಕರೆದರು. ಕ್ರಾಂತಿಯು ಕಚೇರಿಗಳಿಂದ ಆಗಲಾರದು, ಸಂಸ್ಥೆಯು ಬೆಳೆದಂತೆಲ್ಲ ಸ್ವಯಂಪ್ರೇರಣೆ ಕುಂದುತ್ತದೆ ಎಂಬ ಅವರ ವಿಚಾರವು ಉದಾತ್ತವಾದುದು. ತಾವು ಕಟ್ಟಿದುದನ್ನು ತಾವೇ ಬಿಚ್ಚುವ ವೈರಾಗ್ಯ ಎಷ್ಟು ಜನರಿಗೆ ಸಾಧ್ಯ? ಆದರೂ ಅತ್ಯಂತ ಗೌರವದಿಂದಲೇ ಹೇಳುತ್ತೇನೆ: ಬೇಡುವುದಕ್ಕೆ ಒಬ್ಬ ಸಂತನು ಸಾಕು, ಅಳೆಯುವುದಕ್ಕೆ ಸರಪಳಿ ಹಿಡಿಯುವವರು ಬೇಕು, ಖಾತೆ ಬದಲಾಯಿಸುವುದಕ್ಕೆ ತಾಲ್ಲೂಕು ಕಚೇರಿಗೆ ಹತ್ತು ಸಲ ಅಲೆಯುವವರು ಬೇಕು, ಪಡೆದವನನ್ನು ಬಲಿಷ್ಠರು ಬದುವಿನಿಂದ ಎಬ್ಬಿಸಿದರೆ ಅವನ ಪಕ್ಕದಲ್ಲಿ ನಿಲ್ಲುವವರು ಬೇಕು. ಆ ಕೆಲಸಕ್ಕೆ ಸಂಬಳವೋ ಊಟದ ಖರ್ಚೋ ಇಲ್ಲದೆ ಎಷ್ಟು ದಿನ ಜನ ನಿಂತಾರು? ಗ್ರಾಮಗ್ರಾಮದ ದಾನಪತ್ರಗಳ ಕಟ್ಟುಗಳನ್ನು ನೋಡಿಕೊಳ್ಳತಕ್ಕವರೇ ಇಲ್ಲದಂತಾದುದು ಆ ನಿರ್ಣಯದ ದುಃಖಕರವಾದ ಫಲ.

ಯಾತ್ರೆ ಮಾತ್ರ ಮುಂದುವರಿಯಿತು: ಕರ್ನಾಟಕದಿಂದ ಮುಂದೆ ಮಹಾರಾಷ್ಟ್ರ, ಗುಜರಾತು, ರಾಜಸ್ಥಾನ, ಪಂಜಾಬು, ಕಾಶ್ಮೀರ, 1960ರ ಮೇ ತಿಂಗಳಿನಲ್ಲಿ ಚಂಬಲ್ ಕಣಿವೆಯಲ್ಲಿ ಬಂದೂಕುಗಳನ್ನು ಅವರ ಪಾದದ ಬಳಿ ಇಟ್ಟು ಶರಣಾದ ಡಕಾಯಿತರು, ಅಸ್ಸಾಮು, 1962ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಕೆಲವು ದಿನ. ಆ ಪರರಾಷ್ಟ್ರದಲ್ಲಿಯೂ ಜನ ನೆಲವನ್ನು ಕೊಟ್ಟರೆಂಬುದನ್ನು ಮರೆಯತಕ್ಕುದಲ್ಲ. ಹೀಗೆ ನಡೆದು ನಡೆದು, ಐವತ್ತೈದನೆಯ ವಯಸ್ಸಿನಲ್ಲಿ ಹೊರಟವರು ಪವನಾರಕ್ಕೆ ಮರಳಿದಾಗ ಆಶ್ರಮವೂ ಮಾರ್ಪಟ್ಟಿದ್ದಿತು. ಹಣದ ಹಂಗಿಲ್ಲದೆ, ಎತ್ತಿನ ಸಹಾಯವಿಲ್ಲದೆ ಬೇಸಾಯ ಮಾಡುವ ಪ್ರಯೋಗಗಳನ್ನು ಅವರು ನಡೆಸಿದ್ದ ಜಾಗ ಅದು. ಹೊಲವನ್ನು ಅಗೆಯುವಾಗ ಭರತರಾಮರ ಮಿಲನದ ಪ್ರಾಚೀನ ಶಿಲ್ಪವು ದೊರೆತ ಜಾಗ. ಈಗ ಅಲ್ಲಿ ಬ್ರಹ್ಮವಿದ್ಯಾಮಂದಿರವಿದ್ದಿತು. ಯಾತ್ರೆಯ ನಡುವೆ, 1959ರಲ್ಲಿ, ಅವರೇ ಸ್ಥಾಪಿಸಿದ ಆ ಸ್ತ್ರೀಯರ ಆಶ್ರಮದಲ್ಲಿ ಸಹೋದರಿಯರು ತಮ್ಮ ದುಡಿಮೆಯಿಂದ ತಾವೇ ಬದುಕುತ್ತ ಸಾಮೂಹಿಕ ಸಾಧನೆ ಮಾಡುತ್ತಿದ್ದರು. ಹದಿಮೂರು ವರ್ಷಗಳ ಪ್ರಯಾಣದ ಫಲಗಳಲ್ಲಿ ಅತ್ಯಂತ ಸ್ಥಿರವಾಗಿ ನಿಂತಿರುವುದು ಅದೇ ಎಂದು ನನಗೆ ತೋರುತ್ತದೆ.

ಪಾದಯಾತ್ರೆ ಮುಗಿದರೂ ವಿನೋಬಾ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಮರುವರ್ಷವೇ ಬಿಹಾರಕ್ಕೆ ಹೋದರು. ಆದರೆ ದೇಹವು ಸೋತಿದ್ದುದರಿಂದ ಈ ಬಾರಿ ಮೋಟಾರಿನಲ್ಲಿ. ಗ್ರಾಮದಾನದ ನಿಬಂಧನೆಗಳನ್ನು ಅವರು ಅಷ್ಟರಲ್ಲಿ ಸಡಿಲಿಸಿದ್ದರು: ಭೂಮಿಯ ಇಪ್ಪತ್ತನೆಯ ಒಂದು ಪಾಲನ್ನು ಭೂಹೀನರಿಗೆ ಬಿಟ್ಟುಕೊಟ್ಟು, ಉಳಿದುದರ ಒಡೆತನವನ್ನು ಗ್ರಾಮಸಭೆಯ ಹೆಸರಿಗೆ ಮಾಡಿ, ಉತ್ಪನ್ನದ ನಲವತ್ತನೆಯ ಒಂದು ಪಾಲನ್ನು ಗ್ರಾಮನಿಧಿಗೆ ಕೊಟ್ಟರೆ ಸಾಕು, ಉಳುಮೆಯ ಹಕ್ಕು ಅವರವರಿಗೇ ಇರುವುದು. ತೂಫಾನ್ ಎಂದು ಕರೆದ ಆ ಚಳವಳಿಯು ಬಿರುಗಾಳಿಯಂತೆಯೇ ಹಬ್ಬಿ, ಗ್ರಾಮಗಳು, ಬ್ಲಾಕುಗಳು, ಜಿಲ್ಲೆಗಳು ಒಂದರ ಮೇಲೊಂದು ದಾನವಾಗಿ, ಗಾಂಧೀಜಿಯ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಇಡೀ ಬಿಹಾರವೇ ದಾನವಾಯಿತೆಂಬ ಘೋಷಣೆಯಾಯಿತು. ಹದಿಮೂರು ವರ್ಷ ನಡೆದು ಸಂಪಾದಿಸಿದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಸಂಖ್ಯೆ ನಾಲ್ಕು ವರ್ಷಗಳಲ್ಲಿ ಕೈಸೇರಿತು. ಅದು ಸಂಖ್ಯೆ ಮಾತ್ರವೆಂಬುದನ್ನು ನೇರವಾಗಿ ನುಡಿದವರು ಆ ಕಾರ್ಯದ ಮುಂದಾಳುಗಳಲ್ಲಿ ಒಬ್ಬರಾದ ಜಯಪ್ರಕಾಶರೇ.

1970ರ ಜೂನ್ ತಿಂಗಳಿನಲ್ಲಿ, ಮುಜಫ್ಫರಪುರ ಜಿಲ್ಲೆಯ ಮುಸಹರಿ ಎಂಬಲ್ಲಿಯ ಸರ್ವೋದಯ ಕಾರ್ಯಕರ್ತರಿಗೆ ನಕ್ಸಲೀಯರಿಂದ ಕೊಲೆಯ ಬೆದರಿಕೆ ಬಂದಿತು. ಆಗ ಜಯಪ್ರಕಾಶರು ತಮ್ಮ ವಿಶ್ರಾಂತಿಯನ್ನು ಬಿಟ್ಟು ಅಲ್ಲಿಗೆ ಬಂದು, ಆ ಒಂದೇ ಬ್ಲಾಕಿನಲ್ಲಿ ನೆಲೆಸಿ, ಹಳ್ಳಿಯಿಂದ ಹಳ್ಳಿಗೆ ಹೋಗಲಾರಂಭಿಸಿದರು. ಅಲ್ಲಿ ಕಂಡುದನ್ನು ಅವರು ಮರೆಮಾಚದೆ ಬರೆದಿದ್ದಾರೆ. ಕಾಗದದಲ್ಲಿ ಗ್ರಾಮದಾನವಾಗಿದ್ದ ಊರುಗಳಲ್ಲಿ ಗ್ರಾಮಸಭೆಯಿಲ್ಲ. ಇಪ್ಪತ್ತನೆಯ ಪಾಲು ಬೇರೆಯಾಗಿಲ್ಲ. ಕೂಲಿಕಾರನು ಕಟ್ಟಿಕೊಂಡ ಗುಡಿಸಿಲಿನ ಜಾಗಕ್ಕೂ ಪತ್ರವಿಲ್ಲ. ಜಯಪ್ರಕಾಶರೂ ಅವರ ಸಂಗಡಿಗರೂ ಒಂದೊಂದು ಊರಿನಲ್ಲಿಯೂ ಕುಳಿತು, ಸಹಿಮಾಡಿದವರನ್ನು ಅವರವರ ಮನೆಯ ಜಗಲಿಯ ಮೇಲೆಯೇ ಕಂಡು, ಕೊಟ್ಟ ಮಾತನ್ನು ನೆನಪಿಗೆ ತಂದು, ಅವರು ಬಿಟ್ಟುಕೊಡುವ ತುಂಡು ಯಾವುದೆಂದು ಗುರುತಿಸಿ, ಗ್ರಾಮಸಭೆಯನ್ನು ಕೂಡಿಸಿ, ಅದರ ಮುಂದೆ ಆ ನೆಲವನ್ನು ಹಂಚಿಕೊಡುವ ಕಾರ್ಯವನ್ನು ಆರಂಭದಿಂದ ಮತ್ತೆ ಕೈಗೆತ್ತಿಕೊಂಡರು. ಕೊಟ್ಟವರಲ್ಲಿ ಕೆಲವರು ಒಪ್ಪಿದರು, ಕೆಲವರು ಮುಖ ತಿರುಗಿಸಿದರು. ಇಡೀ ರಾಜ್ಯವೇ ದಾನವಾಯಿತೆಂದು ಸಾರಿದ ಮರುವರ್ಷವೇ, ಆ ರಾಜ್ಯದ ಒಂದೇ ಒಂದು ಬ್ಲಾಕಿನ ಹಳ್ಳಿಗಳಲ್ಲಿ ಆ ಮಾತನ್ನು ನೆಲದ ಮೇಲೆ ನಡೆಸಿ ತೋರಿಸಲು ಅಷ್ಟು ದೊಡ್ಡ ಮನುಷ್ಯರು ತಿಂಗಳುಗಟ್ಟಲೆ ದುಡಿಯಬೇಕಾಯಿತು.